ಜರ್ಮನಿಯಲ್ಲಿ ಸ್ವಂತ ಹೊಣೆಯ ಇಂಗ್ಲಿಷ್ ಪಾಠ: ಎರಡು ಲಕೋಟೆ, ಒಂದು ಸಹಿಯ ಪ್ರಕರಣ

2025ರ ಸೆಪ್ಟೆಂಬರ್ ಕೊನೆಯಲ್ಲಿ ಸ್ಟುಟ್‌ಗಾರ್ಟ್ ಪಕ್ಕದ ಬ್ಯೋಬ್ಲಿಂಗನ್‌ನ ಇಂಗ್ಲಿಷ್ ಶಿಕ್ಷಕಿಯೊಬ್ಬರ ಮನೆಗೆ ಒಂದೇ ವಾರದಲ್ಲಿ ಎರಡು ಲಕೋಟೆ ಬಂದವು. ಮೊದಲನೆಯದು ಸರ್ಕಾರಿ ಪಿಂಚಣಿ ವಿಮೆ ನೋಡಿಕೊಳ್ಳುವ ಡಾಯ್ಚೆ ರೆಂಟನ್‌ಫರ್ಜಿಶರುಂಗ್‌ನದು. ನೀವು ಸ್ವಂತ ಹೊಣೆಯ ಶಿಕ್ಷಕಿಯೆಂದು ತಿಳಿದುಬಂದಿದೆ, ಯಾವಾಗಿನಿಂದ, ಎಷ್ಟು ಆದಾಯ, ಯಾರ್ಯಾರಿಗೆ ಪಾಠ ಎಂದು ತಿಳಿಸಿ ಎನ್ನುವ ಪತ್ರ, ಜೊತೆಗೆ ಹಲವು ಪುಟದ ಪ್ರಶ್ನಾವಳಿ. ಎರಡನೆಯದು ಆಕೆ ಪಾಠ ಹೇಳುವ ಖಾಸಗಿ ಭಾಷಾ ಶಾಲೆಯದು. ಅಲ್ಲಿನ ಪಾಠ ಸದ್ಯಕ್ಕೆ ನೌಕರಿಯಲ್ಲ, ಸ್ವಂತ ಹೊಣೆಯ ಕೆಲಸವಾಗಿಯೇ ಉಳಿಯಲಿ ಎನ್ನುವ ಒಂದೇ ಪುಟದ ಒಪ್ಪಿಗೆ ಪತ್ರ: ಸಹಿ ಮಾಡಿ ಎರಡು ವಾರದೊಳಗೆ ಕಳಿಸಿಕೊಡಿ.

ಮೊದಲನೆಯದನ್ನು ನೋಡಿದರೆ ಯಾರಿಗಾದರೂ ಎದೆ ಧಸಕ್ ಎನ್ನುತ್ತದೆ. ಆದರೆ ಹಣದ ದೃಷ್ಟಿಯಿಂದ ಹೆಚ್ಚು ಭಾರದ್ದು ಎರಡನೆಯದು.

ಇದು ಇಂಥ ಹಲವರ ಸ್ಥಿತಿಯಲ್ಲಿ ಮತ್ತೆ ಮತ್ತೆ ಕಾಣುವ ಅಂಶಗಳನ್ನು ಜೋಡಿಸಿದ ಮಾದರಿ ಪ್ರಕರಣ. ಗಳಿಕೆಯ ಅಂಕಿ ಮಾದರಿಯವು. ದರ, ಮಿತಿ, ಕಾಯ್ದೆಯ ಕಲಂ ಮಾತ್ರ ಆಯಾ ವರ್ಷ ಇದ್ದಂತೆಯೇ ಇವೆ.

ಶಿಕ್ಷಕಿ ಮತ್ತು ಮೂರು ಕಡೆಯ ಪಾಠ

ಮೈಸೂರಿನವರು, ಇಂಗ್ಲಿಷ್ ಎಂ.ಎ., ಮೇಲೊಂದು ಇಂಗ್ಲಿಷ್ ಕಲಿಸುವವರ ಸೆಲ್ಟಾ ಪ್ರಮಾಣಪತ್ರ. ಗಂಡ ಪರಿಣತ ವಿದೇಶಿ ನೌಕರರ ಪರವಾನಗಿಯಾದ ಬ್ಲೂ ಕಾರ್ಡ್ ಮೇಲೆ ವಾಹನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಒಬ್ಬ ಮಗ. ಬೆಂಗಳೂರಿನಲ್ಲಿ ಕಚೇರಿಯಿರುವ ಕೆಲವು ಜರ್ಮನ್ ವಾಹನ ಕಂಪನಿಗಳು ಸ್ಟುಟ್‌ಗಾರ್ಟ್ ಸೀಮೆಯವೇ ಆಗಿರುವುದರಿಂದ ಈ ಭಾಗದಲ್ಲಿ ಕನ್ನಡದ ಮನೆಗಳು ಕಡಿಮೆಯೇನಿಲ್ಲ. ಹೆಂಡತಿಗೆ ಜರ್ಮನ್ ಇನ್ನೂ ಬಿ1 ಹಂತದಲ್ಲಿರುವಾಗ ಕೈಗೆಟುಕುವ ಮೊದಲ ಕೆಲಸ ಇಂಗ್ಲಿಷ್ ಪಾಠ.

2022ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ಹೋಖ್‌ಶೂಲೆಯಲ್ಲಿ, ಅಂದರೆ ಊರಿನ ವಯಸ್ಕರ ಶಿಕ್ಷಣ ಶಾಲೆಯಲ್ಲಿ, ವಾರಕ್ಕೆ 4 ಘಟಕ ಶುರು. ಜರ್ಮನಿಯಲ್ಲಿ ಪಾಠದ ಘಟಕವೆಂದರೆ 45 ನಿಮಿಷ, ಗಂಟೆಯಲ್ಲ. ದರ ಕೇಳುವಾಗ ಇದನ್ನು ಮರೆತವರು ಮೊದಲ ತಿಂಗಳೇ ಕೈ ಸುಟ್ಟುಕೊಳ್ಳುತ್ತಾರೆ. ಘಟಕಕ್ಕೆ 30 ಯೂರೋ, ವರ್ಷಕ್ಕೆ 30 ವಾರ, ಒಟ್ಟು 3,600. 2023ರ ಜನವರಿಯಿಂದ ಖಾಸಗಿ ಭಾಷಾ ಶಾಲೆ: ಘಟಕಕ್ಕೆ 28 ಯೂರೋ, ಮೊದಲ ವರ್ಷ ವಾರಕ್ಕೆ 5, ಮರುವರ್ಷ 8. ಮೂರನೆಯದು ನೇರ ಗಿರಾಕಿಗಳು. ಎರಡು ಸಣ್ಣ ಕಂಪನಿಗಳ ನೌಕರರಿಗೆ ವ್ಯವಹಾರದ ಇಂಗ್ಲಿಷ್, ಗಂಟೆಗೆ 55 ಯೂರೋ. 2023ರಲ್ಲಿ ವಾರಕ್ಕೆ 2 ಗಂಟೆ, 2024ರಲ್ಲಿ 3, 2025ರಲ್ಲಿ 4. ಶಾಲೆಯೂ ಕಂಪನಿಗಳೂ ವರ್ಷಕ್ಕೆ 40 ವಾರ ನಡೆಯುತ್ತವೆ ಎಂದಿಟ್ಟುಕೊಳ್ಳೋಣ.

2024ರ ಪೂರ್ತಿ ವರ್ಷ ತೆಗೆದುಕೊಂಡರೆ ಶಾಲೆಯಿಂದ 8,960, ಕಂಪನಿಗಳಿಂದ 6,600, ವಯಸ್ಕರ ಶಾಲೆಯಿಂದ 3,600. ಕೊನೆಯದರಲ್ಲಿ 3,000ಕ್ಕೆ ತೆರಿಗೆಯಿಲ್ಲ. ಸಾರ್ವಜನಿಕ ಅಥವಾ ಲಾಭರಹಿತ ಸಂಸ್ಥೆಯಲ್ಲಿ ಉಪವೃತ್ತಿಯಾಗಿ ಪಾಠ ಹೇಳುವವರಿಗೆ ಇರುವ ಊಬುಂಗ್ಸ್‌ಲೈಟರ್ ವಿನಾಯಿತಿ ಇದು; 2021ರಿಂದ 2025ರವರೆಗೆ ವರ್ಷಕ್ಕೆ 3,000 ಯೂರೋ. ಖಾಸಗಿ ಶಾಲೆಯ ಗಳಿಕೆಗೆ ಇದು ಸಲ್ಲುವುದಿಲ್ಲ. ಉಳಿದ 16,160ರಲ್ಲಿ ಲ್ಯಾಪ್‌ಟಾಪ್, ರೈಲು, ಪುಸ್ತಕ, ಝೂಮ್ ಎಲ್ಲ ಸೇರಿ 2,060 ಖರ್ಚು ಕಳೆದರೆ ಲಾಭ 14,100. ತಿಂಗಳಿಗೆ 1,175. ಇದೇ ರೀತಿ 2023ರ ಲಾಭ 9,600, ತಿಂಗಳಿಗೆ 800. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ.

ಸರಿಯಾಗಿಯೇ ಮಾಡಿದ್ದ ಕೆಲಸ

ಆಕೆ ಕದ್ದುಮುಚ್ಚಿ ಏನೂ ಮಾಡಿರಲಿಲ್ಲ. ವಾಸದ ಪರವಾನಗಿಯಲ್ಲಿ "ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್ಲಾಬ್ಟ್" ಎಂದಿತ್ತು, ಅಂದರೆ ಗಳಿಕೆಯ ಕೆಲಸಕ್ಕೆ ಅನುಮತಿಯಿದೆ. ಈ ಪದದಲ್ಲಿ ನೌಕರಿಯೂ ಸ್ವಂತ ಉದ್ಯೋಗವೂ ಎರಡೂ ಅಡಕ. ಕುಟುಂಬ ಸೇರುವ ಪರವಾನಗಿಯಲ್ಲಿ ಇದು ಕಾಯ್ದೆಯಿಂದಲೇ ಬರುತ್ತದೆ, ಬೇರೆ ಅರ್ಜಿ ಬೇಡ. ಬ್ಲೂ ಕಾರ್ಡ್ ಹಿಡಿದ ಗಂಡನೇ ಸಂಜೆ ಪಾಠ ಹೇಳಲು ಹೊರಟರೆ ಮಾತ್ರ ವಿದೇಶಿಯರ ಕಚೇರಿಯ ಒಪ್ಪಿಗೆ ಬೇಕು.

ಪಾಠ ಶುರುವಾದ ತಿಂಗಳೊಳಗೆ ತೆರಿಗೆ ಕಚೇರಿಯಾದ ಫಿನಾನ್ಸ್‌ಆಮ್ಟ್‌ಗೆ ಎಲ್ಸ್ಟರ್ ತಾಣದಲ್ಲಿ ತೆರಿಗೆ ನೋಂದಣಿಯ ಪ್ರಶ್ನಾವಳಿ ತುಂಬಿದ್ದರು. ಶಿಕ್ಷಕರು ಆದಾಯ ತೆರಿಗೆ ಕಾಯ್ದೆಯ 18ನೇ ಕಲಂ ಪ್ರಕಾರ ಫ್ರೈಬೆರೂಫ್ಲರ್, ಅಂದರೆ ಮುಕ್ತ ವೃತ್ತಿಯವರು, ಹಾಗಾಗಿ ವ್ಯಾಪಾರ ಪರವಾನಗಿ ಬೇಕಿಲ್ಲ. ಮಾರಾಟ ತೆರಿಗೆಯ ಸಣ್ಣ ಉದ್ಯಮಿ ವಿನಾಯಿತಿ ಆರಿಸಿಕೊಂಡಿದ್ದರು; ಮಿತಿ ಆಗ 22,000, 2025ರಿಂದ ಹಿಂದಿನ ವರ್ಷಕ್ಕೆ 25,000. ಪ್ರತಿ ಬಿಲ್ಲಿನ ಕೆಳಗೆ ಮಾರಾಟ ತೆರಿಗೆ ಹಾಕಿಲ್ಲವೆಂಬ 19ನೇ ಕಲಂನ ಸಾಲು ಬರೆಯುತ್ತಿದ್ದರು.

ಆರೋಗ್ಯ ವಿಮೆಯಲ್ಲೂ ಎಚ್ಚರವಿತ್ತು. ಗಂಡನ ಆರೋಗ್ಯ ವಿಮಾ ಸಂಸ್ಥೆಯಾದ ಕ್ರಾಂಕನ್‌ಕಾಸೆಯಲ್ಲಿ ಪುಕ್ಕಟೆ ಕುಟುಂಬ ವಿಮೆ ಸಿಗಬೇಕಾದರೆ ಸ್ವಂತ ಉದ್ಯೋಗದ ಲಾಭ 2023ರಲ್ಲಿ ತಿಂಗಳಿಗೆ 485 ಮೀರಬಾರದು. 2024ರಲ್ಲಿ 505, 2025ರಲ್ಲಿ 535. ಅವರದು 800. ಹಾಗಾಗಿ 2023ರ ಜನವರಿಯಿಂದ ತಮ್ಮ ಹೆಸರಲ್ಲೇ ಸ್ವಯಂ ಸದಸ್ಯತ್ವ ಪಡೆದು ಕನಿಷ್ಠ ಕಂತು ಕಟ್ಟುತ್ತಿದ್ದರು. ಬಹಳ ಮಂದಿ ಮುಗ್ಗರಿಸುವ ಜಾಗ ಇದು: ನೌಕರರ ಮಿನಿಜಾಬ್ (ಅತ್ಯಲ್ಪ ಗಳಿಕೆಯ ನೌಕರಿ) ಮಿತಿ ಬೇರೆ, ಕುಟುಂಬ ವಿಮೆಯಲ್ಲಿ ಸ್ವಂತ ಉದ್ಯೋಗದವರ ಮಿತಿ ಬೇರೆ, ಮತ್ತು 2022ರ ಅಕ್ಟೋಬರ್‌ನಿಂದ ಎರಡನೆಯದು ಕೆಳಗೆ.

ಇಷ್ಟೆಲ್ಲ ಮಾಡಿದವರು ಪಿಂಚಣಿ ಕಚೇರಿಗೆ ಮಾತ್ರ ಒಂದು ಸಾಲೂ ಬರೆದಿರಲಿಲ್ಲ. ತೆರಿಗೆ ಕಚೇರಿಗೆ ಗೊತ್ತಿದೆ, ವಿಮೆಯವರಿಗೆ ಗೊತ್ತಿದೆ, ಇನ್ನೇನು ಎಂಬ ಲೆಕ್ಕ. "ಸ್ವಂತ ಉದ್ಯೋಗಕ್ಕೆ ಇಲ್ಲಿ ಪಿಂಚಣಿ ಕಡ್ಡಾಯವಲ್ಲಮ್ಮ, ಬೇಕಾದರೆ ಕಟ್ಟಿಕೊಳ್ಳಬಹುದು" ಎಂದು ಪರಿಚಯದ ಹಿರಿಯರು ಹೇಳಿದ್ದರು. ಐಟಿ ಸಲಹೆಗಾರರಿಗೆ ಸಾಮಾನ್ಯವಾಗಿ ಅದು ನಿಜ. ಶಿಕ್ಷಕರಿಗಲ್ಲ.

ಶಿಕ್ಷಕರಿಗೆ ಮಾತ್ರ ಏಕೆ

ಸಾಮಾಜಿಕ ಸಂಹಿತೆಯ 6ನೇ ಪುಸ್ತಕದ 2ನೇ ಕಲಂನಲ್ಲಿ ಪಿಂಚಣಿ ವಿಮೆ ಕಡ್ಡಾಯವಾದ ಸ್ವಂತ ಉದ್ಯೋಗಗಳ ಪಟ್ಟಿಯಿದೆ. ಅದರ ಮೊದಲ ಸಾಲೇ ಶಿಕ್ಷಕರು. ಷರತ್ತು ಎರಡು: ಆ ಕೆಲಸದಲ್ಲಿ ವಿಮೆಗೊಳಪಟ್ಟ ನೌಕರರನ್ನು ಇಟ್ಟುಕೊಂಡಿರಬಾರದು, ಲಾಭ ಅತ್ಯಲ್ಪ ಮಿತಿ ದಾಟಿರಬೇಕು. ಆ ಮಿತಿ 2022ರ ಅಕ್ಟೋಬರ್‌ನಿಂದ 520, 2024ರಲ್ಲಿ 538, 2025ರಲ್ಲಿ 556 ಯೂರೋ. ಪದವಿ ಇದೆಯೋ ಇಲ್ಲವೋ ಮುಖ್ಯವಲ್ಲ. ಭಾಷೆ ಕಲಿಸಿದರೂ ಗಾಲ್ಫ್ ಕಲಿಸಿದರೂ ಶಿಕ್ಷಕರೇ. ಬಿಲ್ಲಿನಲ್ಲಿ "ಕೋಚಿಂಗ್" ಎಂದು ಬರೆದು ಪಾರಾಗುವ ಸಲಹೆಗೆ ಬೆಲೆ ಕೊಡಬೇಡಿ, ಒಳಗೆ ನಡೆಯುವುದು ವ್ಯಾಕರಣವೇ ಆದರೆ ಹೆಸರು ಕೆಲಸಕ್ಕೆ ಬಾರದು. ಈ ಕಡ್ಡಾಯ ಸಂವಿಧಾನಕ್ಕೆ ವಿರುದ್ಧ ಎಂದು ಹೋದವರಿಗೆ ಕಾರ್ಲ್ಸ್‌ರೂಹದ ಸಂವಿಧಾನ ನ್ಯಾಯಾಲಯ 2007ರಲ್ಲೇ ಇಲ್ಲ ಎಂದಿದೆ.

ಇನ್ನೊಂದು ತಪ್ಪು ಸಲಹೆಯೂ ಓಡಾಡುತ್ತಿರುತ್ತದೆ: "ಮೊದಲ ಮೂರು ವರ್ಷ ವಿನಾಯಿತಿ ಕೇಳಬಹುದು." ಆ ವಿನಾಯಿತಿ ಒಬ್ಬನೇ ಗಿರಾಕಿಗೆ ದುಡಿಯುವ ಇತರ ಸ್ವಂತ ಉದ್ಯೋಗಿಗಳಿಗೆ, ಅದೇ ಕಲಂನ 9ನೇ ಸಾಲಿನವರಿಗೆ. ಶಿಕ್ಷಕರಿಗೆ ಇರುವುದು ವಿನಾಯಿತಿಯಲ್ಲ, ರಿಯಾಯಿತಿ: ಶುರುಮಾಡಿದ ವರ್ಷ ಮತ್ತು ಅನಂತರದ ಮೂರು ಕ್ಯಾಲೆಂಡರ್ ವರ್ಷ ಅರ್ಧ ಕಂತು.

ಕೆಲಸ ಶುರುವಾದ ಮೂರು ತಿಂಗಳೊಳಗೆ ತಾವಾಗಿ ತಿಳಿಸಬೇಕು. ಅದಕ್ಕಿರುವ ಫಾರಂ ವಿ0020. ಈ ಪ್ರಕರಣದಲ್ಲಿ 2022ರ ನಾಲ್ಕು ತಿಂಗಳಿಗೆ ಏನೂ ಬಾಕಿಯಿಲ್ಲ, ಗಳಿಸಿದ 1,560 ಪೂರ್ತಿ ಆ 3,000ದ ವಿನಾಯಿತಿಯೊಳಗೇ ಮುಗಿದಿತ್ತು. ಕಡ್ಡಾಯ ತಟ್ಟಿದ್ದು 2023ರ ಜನವರಿಯಲ್ಲಿ. ಮೂರು ವರ್ಷ ಕಾಣದೆ ಉಳಿದದ್ದು ಬೆಳಕಿಗೆ ಬಂದದ್ದು ಆಕೆಯ ಕಡೆಯಿಂದಲ್ಲ: ಪಿಂಚಣಿ ಸಂಸ್ಥೆ ನಾಲ್ಕು ವರ್ಷಕ್ಕೊಮ್ಮೆ ಮಾಲೀಕರ ಲೆಕ್ಕ ತಪಾಸಿಸುತ್ತದೆ, ಭಾಷಾ ಶಾಲೆಯ ಲೆಕ್ಕದಲ್ಲಿ ಗೌರವಧನ ಪಡೆದವರ ಪಟ್ಟಿಯಿತ್ತು.

ಬಾಕಿ ಎಷ್ಟು: ಮೂರು ಉತ್ತರ

ದರ 18.6%. ನೌಕರರಲ್ಲಿ ಅರ್ಧ ಮಾಲೀಕರು ಕೊಡುತ್ತಾರೆ, ಇಲ್ಲಿ ಪೂರ್ತಿ ತಮ್ಮದೇ. ಯಾವ ಮೊತ್ತದ ಮೇಲೆ 18.6 ಎನ್ನುವುದರಲ್ಲಿ ಮೂರು ದಾರಿ.

ಏನೂ ಹೇಳದಿದ್ದರೆ ನಿಗದಿ ಕಂತು, ರೆಗೆಲ್‌ಬೈಟ್ರಾಗ್. ನಿಜವಾದ ಆದಾಯಕ್ಕೂ ಅದಕ್ಕೂ ಸಂಬಂಧವಿಲ್ಲ. ಸರಾಸರಿ ಸಂಬಳ ನೋಡಿ ಸರ್ಕಾರ ವರ್ಷವರ್ಷ ಗೊತ್ತುಮಾಡುವ ದೇಶದ ಉಲ್ಲೇಖ ಆದಾಯದ ಮೇಲೆ ಅದರ ಲೆಕ್ಕ. ಪಶ್ಚಿಮದ ರಾಜ್ಯಗಳಲ್ಲಿ 2023ಕ್ಕೆ ತಿಂಗಳಿಗೆ 631.47, 2024ಕ್ಕೆ 657.51; 2025ಕ್ಕೆ ದೇಶಕ್ಕೆಲ್ಲ ಒಂದೇ, 696.57. ಸೆಪ್ಟೆಂಬರ್‌ವರೆಗಿನ 33 ತಿಂಗಳಿಗೆ 21,736.89 ಯೂರೋ. ಹೊಸಬರ ಅರ್ಧ ಕಂತು ಅನ್ವಯಿಸಿದರೆ 10,868.61. ಆದಾಯದ ಪ್ರಕಾರ ಕಟ್ಟುತ್ತೇನೆಂದು ಕೇಳಿ ತೆರಿಗೆ ಆದೇಶ ಒದಗಿಸಿದರೆ 2023ಕ್ಕೆ 800ರ ಮೇಲೆ 148.80, 2024ಕ್ಕೆ 1,175ರ ಮೇಲೆ 218.55, 2025ಕ್ಕೂ ಕೊನೆಯ ತೆರಿಗೆ ಆದೇಶದ ಅದೇ 218.55. ಒಟ್ಟು 6,375.15.

ಹಳೆಯ ತೆರಿಗೆ ಆದೇಶದ ಆದಾಯವನ್ನು ಚಾಲ್ತಿ ವರ್ಷಕ್ಕೆ ತರಲು ಕಚೇರಿಯವರು ಸಣ್ಣದೊಂದು ಗುಣಾಂಕ ಹಚ್ಚುತ್ತಾರೆ, ಹಾಗಾಗಿ ಕೊನೆಯ ಅಂಕಿ ತುಸು ಏರಬಹುದು. ಆದರೂ ಮೊದಲನೆಯದಕ್ಕೂ ಮೂರನೆಯದಕ್ಕೂ ಹದಿನೈದು ಸಾವಿರದ ಅಂತರವಿದೆ, ಮತ್ತು ಅದು ನಿಂತಿರುವುದು ಪ್ರಶ್ನಾವಳಿಯ ಒಂದು ಚೌಕಕ್ಕೆ ಗುರುತು ಹಾಕುವುದರ ಮೇಲೆ, ಜೊತೆಗಿಡುವ ಒಂದು ತೆರಿಗೆ ಆದೇಶದ ನಕಲಿನ ಮೇಲೆ. ಪತ್ರಕ್ಕೆ ಉತ್ತರಿಸದೆ ಸುಮ್ಮನಿದ್ದವರ ಪಾಲಿಗೆ ಕಚೇರಿ ತಾನೇ ಅಂಕಿ ಹಾಕುತ್ತದೆ.

ಮೇಲೆ ವಿಳಂಬ ಶುಲ್ಕ. ಪ್ರತಿ ಕಂತೂ ಮರುತಿಂಗಳ 15ಕ್ಕೆ ಬಾಕಿ. ತಪ್ಪಿದರೆ ಪ್ರತಿ ತಿಂಗಳಿಗೆ, ತಿಂಗಳ ತುಣುಕಿಗೂ, 1%. ಮೂರನೆಯ ಲೆಕ್ಕದಲ್ಲಿ ಇದು ಸುಮಾರು 900 ಯೂರೋ. ಬಾಧ್ಯತೆ ಗೊತ್ತಿರಲಿಲ್ಲ, ಗೊತ್ತಾಗದಿದ್ದದ್ದು ತಮ್ಮ ತಪ್ಪಿನಿಂದಲ್ಲ ಎಂದು ನಂಬುವಂತೆ ತೋರಿಸಿದರೆ ಬಿಡುವ ಅವಕಾಶ ಕಾಯ್ದೆಯಲ್ಲಿದೆ. "ನನಗೆ ಕಾನೂನು ಗೊತ್ತಿರಲಿಲ್ಲ" ಎಂಬ ಒಂದು ಸಾಲಿಗೆ ಅದು ಸಿಗದು. ಯಾರನ್ನು ಯಾವಾಗ ಕೇಳಿದೆ, ಏನು ಉತ್ತರ ಬಂತು ಎಂಬ ಕಾಗದ ಬೇಕು. ಕಾಲಮಿತಿಯಿಂದ ಇಲ್ಲಿ ಏನೂ ಉಳಿಯಲಿಲ್ಲ: ಬಾಕಿ ಬಿದ್ದ ವರ್ಷ ಮುಗಿದು ನಾಲ್ಕು ವರ್ಷದವರೆಗೆ ಕೇಳಬಹುದು, 2023ರದ್ದು 2027ರ ಕೊನೆಯವರೆಗೂ ಜೀವಂತ. ಗೊತ್ತಿದ್ದೂ ಮುಚ್ಚಿಟ್ಟರೆ ಮೂವತ್ತು ವರ್ಷ.

ಎರಡನೆಯ ಲಕೋಟೆ

ಬ್ಯೋಬ್ಲಿಂಗನ್‌ನಿಂದ ಎಸ್1 ರೈಲಿನಲ್ಲಿ ಸ್ಟುಟ್‌ಗಾರ್ಟ್‌ಗೆ ಬೆನ್ನು ಹಾಕಿ ಕೂತರೆ ಕೊನೆಯ ನಿಲ್ದಾಣ ಹೆರೆನ್‌ಬೆರ್ಗ್. ಜರ್ಮನಿಯ ಗೌರವಧನದ ಶಿಕ್ಷಕರೆಲ್ಲ ಈಗ ಆ ಊರಿನ ಹೆಸರು ಬಲ್ಲರು. ಅಲ್ಲಿನ ನಗರ ಸಂಗೀತ ಶಾಲೆಯಲ್ಲಿ ಪಿಯಾನೋ ಕಲಿಸುತ್ತಿದ್ದ ಶಿಕ್ಷಕಿ ಕಾಗದದಲ್ಲಿ ಸ್ವತಂತ್ರಳಾದರೂ ವಾಸ್ತವದಲ್ಲಿ ನೌಕರಳೇ ಎಂದು ಸಾಮಾಜಿಕ ವಿಷಯಗಳ ಸರ್ವೋಚ್ಚ ಪೀಠ 2022ರ ಜೂನ್ 28ರಂದು ಹೇಳಿತು. ಪಾಠ ತಾನೇ ಹೇಳಬೇಕು, ಕೋಣೆ ಶಾಲೆಯದು, ಸಮಯ ಶಾಲೆಯದು, ವಿದ್ಯಾರ್ಥಿಯ ಒಪ್ಪಂದ ಶಾಲೆಯ ಜೊತೆ. ಲಾಭ ಹೆಚ್ಚಿಸಿಕೊಳ್ಳಲು ತನ್ನ ಕೈಯಲ್ಲಿ ಏನೂ ಇಲ್ಲ. ಹಾಗಿದ್ದರೆ ಉದ್ಯಮಿ ಹೇಗೆ? 2023ರ ಜುಲೈ 1ರಿಂದ ವಿಮಾ ಸಂಸ್ಥೆಗಳು ಇದೇ ಅಳತೆಗೋಲಿನಿಂದ ಎಲ್ಲ ಶಾಲೆಗಳನ್ನೂ ಅಳೆಯತೊಡಗಿದವು.

ಈ ಪ್ರಕರಣದ ಭಾಷಾ ಶಾಲೆಯ ಒಪ್ಪಂದವನ್ನು ಅದೇ ಕೋಲಿನಿಂದ ಅಳೆಯಬಹುದು. ಪಠ್ಯಪುಸ್ತಕ ಶಾಲೆ ಆರಿಸುತ್ತದೆ. ವೇಳಾಪಟ್ಟಿ ಶಾಲೆಯದು. ಬದಲಿ ಶಿಕ್ಷಕರನ್ನು ತಾನೇ ಕಳಿಸುವಂತಿಲ್ಲ, ಕಚೇರಿಗೆ ಫೋನ್ ಮಾಡಬೇಕು. ತಿಂಗಳಿಗೊಂದು ಸಿಬ್ಬಂದಿ ಸಭೆ. ಹಾಜರಿ ಮತ್ತು ಪ್ರಗತಿ ವರದಿ ಶಾಲೆಯ ನಮೂನೆಯಲ್ಲಿ. ಶುಲ್ಕ ಎಷ್ಟೆಂದು ಆಕೆಗೆ ಗೊತ್ತೇ ಇಲ್ಲ. ನೇರ ಗಿರಾಕಿಗಳ ವಿಷಯ ತದ್ವಿರುದ್ಧ: ದರ ತನ್ನದು, ಪಾಠದ ಸಾಮಗ್ರಿ ತನ್ನದು, ತಡವಾಗಿ ರದ್ದು ಮಾಡಿದರೆ ಎಷ್ಟು ಕೊಡಬೇಕೆಂಬ ಷರತ್ತೂ ತನ್ನದೇ.

ಶಾಲೆಗಳು ಮುಳುಗದಂತೆ ಸಂಹಿತೆಯ 4ನೇ ಪುಸ್ತಕಕ್ಕೆ 127ನೇ ಕಲಂ ಸೇರಿಸಿದರು, 2025ರ ಮಾರ್ಚ್ 1ರಿಂದ ಜಾರಿ. ಒಪ್ಪಂದದ ಹೊತ್ತಿಗೆ ಇಬ್ಬರೂ ಸ್ವತಂತ್ರ ಕೆಲಸವೆಂದೇ ನಂಬಿದ್ದರೆ, ಮತ್ತು ಶಿಕ್ಷಕರು ಒಪ್ಪಿಗೆ ಕೊಟ್ಟರೆ, ಸಂಕ್ರಮಣದ ಗಡುವಿನವರೆಗೆ ನೌಕರಿಯ ವಿಮಾ ಬಾಧ್ಯತೆ ಹುಟ್ಟುವುದಿಲ್ಲ. ಮೂಲ ಪಠ್ಯದಲ್ಲಿ ಗಡುವು 2026ರ ಡಿಸೆಂಬರ್ 31. ಇಂಥ ಗಡುವುಗಳು ಮುಂದಕ್ಕೆ ಹೋಗುವುದುಂಟು, ಸಹಿ ಹಾಕುವ ದಿನ ಚಾಲ್ತಿಯಲ್ಲಿರುವ ಪಠ್ಯವನ್ನೇ ನೋಡಬೇಕು. ಅದೇ ಕಲಂನ ಮುಂದಿನ ಮಾತನ್ನು ಶಾಲೆಯ ಪತ್ರ ಸಣ್ಣ ಅಕ್ಷರದಲ್ಲಿ ಹೇಳಿತ್ತು: ಒಪ್ಪಿದವರು ಮಾರ್ಚ್ 1ರಿಂದ ಪಿಂಚಣಿಯ ಮಟ್ಟಿಗೆ ಸ್ವಂತ ಹೊಣೆಯ ಶಿಕ್ಷಕರೆಂದು ಪರಿಗಣಿತರು. ಅಂದರೆ ಪೂರ್ತಿ 18.6 ತಮ್ಮ ಜೇಬಿನಿಂದ.

ಸಹಿ ಹಾಕದಿದ್ದರೆ? ಶಾಲೆಯ ಗಳಿಕೆ ನೌಕರಿಯ ಸಂಬಳವೆಂದು ಆದೇಶವಾಗುತ್ತದೆ ಅಂದುಕೊಳ್ಳಿ. ಆಗ ಅದನ್ನು ಸ್ವಂತ ಉದ್ಯೋಗದ ಲೆಕ್ಕದಿಂದ ತೆಗೆಯಬೇಕು. 2023ರ 9,600ರಲ್ಲಿ ಶಾಲೆಯ 5,600 ಹೋದರೆ ಉಳಿಯುವುದು 4,000, ತಿಂಗಳಿಗೆ 333. ಮಿತಿ 520. ಬಾಧ್ಯತೆ ಇಲ್ಲ. 2024ರ 14,100ರಲ್ಲಿ 8,960 ಹೋದರೆ 5,140, ತಿಂಗಳಿಗೆ 428. ಮಿತಿ 538. ಬಾಧ್ಯತೆ ಇಲ್ಲ. 2025ರಲ್ಲಿ ಕಂಪನಿ ಪಾಠ 4 ಗಂಟೆಗೆ ಏರಿ, ಖರ್ಚು ಹಿಂದಿನಷ್ಟೇ ಇದ್ದರೆ, ತಿಂಗಳಿಗೆ 611.67, ಮಿತಿ 556. ಆ ವರ್ಷ ಮಾತ್ರ ಬಾಧ್ಯತೆ, ತಿಂಗಳಿಗೆ 113.77. ಒಂಬತ್ತು ತಿಂಗಳಿಗೆ 1,023.93.

ಹೀಗೆ ಒಂದು ಸಹಿಯ ಎರಡು ಬದಿಯಲ್ಲಿ 6,375 ಮತ್ತು 1,024 ನಿಂತಿವೆ. ಶಾಲೆಯ ಹಳೆಯ ಬಾಕಿ, ನೌಕರರ ಪಾಲೂ ಸೇರಿ, ಶಾಲೆಯ ತಲೆಯ ಮೇಲೆ. ಕಡಿತ ಮಾಡದೆ ಬಿಟ್ಟ ನೌಕರರ ಪಾಲನ್ನು ಮಾಲೀಕರು ಮುಂದಿನ ಮೂರು ಸಂಬಳದಲ್ಲಷ್ಟೇ ಹಿಡಿಯಬಹುದು, ಅದು ಕಳೆದ ಮೇಲೂ ಹಿಡಿಯಬೇಕಾದರೆ ಕಡಿತ ತಪ್ಪಿದ್ದರಲ್ಲಿ ಮಾಲೀಕರ ತಪ್ಪಿರಬಾರದು. "ಎಲ್ಲರೂ ಹಾಕಿದ್ದಾರೆ, ಇದೊಂದು ಫಾರ್ಮಾಲಿಟಿ" ಎಂದು ಕಚೇರಿಯಿಂದ ಫೋನ್ ಬಂದಾಗ ಈ ಎರಡು ಅಂಕಿ ಮುಂದಿದ್ದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಹಾಗೆಂದು ಸಹಿ ಹಾಕಬಾರದು ಎನ್ನುವುದು ಸುಲಭದ ತೀರ್ಪು. ಸಹಿ ಹಾಕದವರಿಗೆ ಮುಂದಿನ ಸೆಮಿಸ್ಟರ್ ತರಗತಿ ಕೊಡದೆ ಇರಲು ಶಾಲೆಗೆ ಯಾವ ಅಡ್ಡಿಯೂ ಇಲ್ಲ. ವರ್ಷಕ್ಕೆ 8,960 ತರುವ ಜಾಗ ಅದು. ಸರಿಯಾದ ದಾರಿ ಎಂದರೆ ಸಹಿಯನ್ನು ಚೌಕಾಸಿಯ ವಸ್ತುವನ್ನಾಗಿ ಮಾಡುವುದು: ಒಂದೋ ಅರೆಕಾಲಿಕ ನೌಕರಿಯ ಒಪ್ಪಂದ ಕೊಡಿ, ಇಲ್ಲವೇ ಘಟಕದ ದರ ಏರಿಸಿ.

ಎಷ್ಟು ಏರಿಸಬೇಕು? ಒಂದು ಸಂಜೆಯನ್ನು ಹತ್ತಿರದಿಂದ ನೋಡಿ. ಎರಡು ಘಟಕ, 56 ಯೂರೋ. ಪಾಠ 90 ನಿಮಿಷ, ತಯಾರಿ ಮತ್ತು ತಿದ್ದುವಿಕೆ 30, ಸ್ಟುಟ್‌ಗಾರ್ಟ್‌ಗೆ ಹೋಗಿ ಬರಲು 60. ಮೂರು ಗಂಟೆಗೆ 56, ಗಂಟೆಗೆ 18.67. ಪಿಂಚಣಿಗೆ 3.47, ಆರೋಗ್ಯ ಮತ್ತು ಆರೈಕೆ ವಿಮೆಗೆ 20% ಹಿಡಿದು 3.73. ಉಳಿದದ್ದು 11.47, ಆದಾಯ ತೆರಿಗೆಗೆ ಮುಂಚೆ. 2025ರಲ್ಲಿ ಜರ್ಮನಿಯ ಕನಿಷ್ಠ ವೇತನ ಗಂಟೆಗೆ 12.82. ಅದೂ ನೌಕರರಿಗೆ ಮಾಲೀಕರ ಪಾಲು, ಸಂಬಳದ ರಜೆ, ಕಾಯಿಲೆಯ ದಿನಗಳ ವೇತನ ಎಲ್ಲ ಹೊರತಾಗಿ. ಘಟಕಕ್ಕೆ 28 ಎನ್ನುವುದು ಪಿಂಚಣಿ ಕಟ್ಟದ ಶಿಕ್ಷಕರನ್ನು ಎಣಿಸಿ ಇಟ್ಟ ದರ. ಕಟ್ಟುವವರಿಗೆ 36ಕ್ಕಿಂತ ಕೆಳಗೆ ಮಾತಾಡುವುದರಲ್ಲಿ ಅರ್ಥವಿಲ್ಲ.

ಉತ್ತರ ಹೋದ ಕ್ರಮ

ಮೊದಲ ಕೆಲಸ ಗಡುವು ವಿಸ್ತರಣೆ. ಪಿಂಚಣಿ ಕಚೇರಿಗೆ ಒಂದು ಪುಟದ ಪತ್ರ: ದಾಖಲೆ ಕೂಡಿಸುತ್ತಿದ್ದೇನೆ, ನಾಲ್ಕು ವಾರ ಕೊಡಿ. ಇದಕ್ಕೆ ಸಾಮಾನ್ಯವಾಗಿ ಯಾರೂ ಇಲ್ಲ ಎನ್ನುವುದಿಲ್ಲ. ಪತ್ರದ ಮೇಲೆ ವಿಮಾ ಸಂಖ್ಯೆ ಬರೆಯುವಾಗ ಒಂದು ಗಮನ. ಆ ಸಂಖ್ಯೆ 12 ಅಕ್ಷರದ್ದು: ಪ್ರದೇಶದ ಎರಡು ಅಂಕಿ, ಹುಟ್ಟಿದ ದಿನಾಂಕದ ಆರು, ಜನ್ಮನಾಮದ ಮೊದಲ ಅಕ್ಷರ, ಕೊನೆಗೆ ಮೂರು ಅಂಕಿ. ನಮ್ಮಲ್ಲಿ ಬಹಳ ಮಂದಿಗೆ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಅಥವಾ ಅಪ್ಪನ ಹೆಸರೋ ಊರ ಹೆಸರೋ ಅಲ್ಲಿ ಕೂತಿರುತ್ತದೆ. ಒಂದು ಕಚೇರಿ ಒಂದು ರೀತಿ, ಇನ್ನೊಂದು ಇನ್ನೊಂದು ರೀತಿ ಬರೆದುಕೊಂಡರೆ ಒಬ್ಬರಿಗೇ ಎರಡು ಸಂಖ್ಯೆ ಹುಟ್ಟುವ ಸಂಭವವಿದೆ. ಎರಡಿದ್ದರೆ ಸೇರಿಸಲು ಈಗಲೇ ಕೇಳಬೇಕು, ಕಟ್ಟಿದ ತಿಂಗಳು ಚೆದುರಿಹೋಗಬಾರದು.

ಎರಡನೆಯದು ವರ್ಷವಾರು, ಗಿರಾಕಿವಾರು ಪಟ್ಟಿ. ಮೂರು ವರ್ಷದ ಬಿಲ್ಲುಗಳು, ಬ್ಯಾಂಕ್ ಜಮೆ, ಆದಾಯ-ಖರ್ಚಿನ ಇಒಯ್‌ಆರ್ ಹಾಳೆ, ತೆರಿಗೆ ಆದೇಶ. ಖರ್ಚನ್ನೂ ಗಿರಾಕಿವಾರು ಹಂಚಿಡುವುದು ಒಳ್ಳೆಯದು, ಮಿತಿಯ ಆಚೆ ಈಚೆ ಆಗುವಾಗ ಇಪ್ಪತ್ತು ಯೂರೋ ಕೂಡ ಲೆಕ್ಕಕ್ಕೆ ಬರುತ್ತದೆ. ಊರಿನ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳಿ ರೂಪಾಯಿಯಲ್ಲಿ ಭಾರತದ ಎನ್‌ಆರ್‌ಒ ಖಾತೆಗೆ ಹಾಕಿಸಿಕೊಳ್ಳುವವರು ಅದನ್ನೂ ಯೂರೋಗೆ ತಿರುಗಿಸಿ ಸೇರಿಸಬೇಕು. ಈ ಪ್ರಕರಣದಲ್ಲಿ ಅದಿರಲಿಲ್ಲ, ಆದರೆ "ಅದು ಅಲ್ಲಿಯ ದುಡ್ಡು" ಎಂಬ ವಾದ ಜರ್ಮನಿಯಲ್ಲಿ ಕೂತು ಪಾಠ ಹೇಳಿದವರಿಗೆ ನಡೆಯದು.

ಮೂರನೆಯದು ಉತ್ತರದ ಮುಖ್ಯ ಭಾಗ, ಮೂರು ಅಂಶ. ಕಂತು ಆದಾಯದ ಪ್ರಕಾರ ಬೇಕು. ಭಾಷಾ ಶಾಲೆಯ ಕೆಲಸ ಸ್ವರೂಪದಲ್ಲಿ ನೌಕರಿ, ಒಪ್ಪಂದ ಮತ್ತು ವೇಳಾಪಟ್ಟಿ ಲಗತ್ತಿಸಿದೆ, ಅದರ ತೀರ್ಮಾನವಾಗುವವರೆಗೆ ಆ ಗಳಿಕೆಯನ್ನು ಸೇರಿಸಬೇಡಿ. ವಿಳಂಬ ಶುಲ್ಕ ಬಿಡಿ, ಕಾರಣ ಇಂತಿಂಥದು. ಮುಂದೆ ಸಹಿ ಹಾಕಬೇಕಾಗಿ ಬಂದರೂ ಒಂದು ವಾದ ಉಳಿಯುತ್ತದೆ: ಒಪ್ಪಿದವರನ್ನು ಸ್ವತಂತ್ರರೆಂದು ಪರಿಗಣಿಸುವ ಮಾತು 2025ರ ಮಾರ್ಚ್ 1ರಿಂದಷ್ಟೇ ಆರಂಭ, ಹಾಗಾದರೆ ಅದಕ್ಕೆ ಹಿಂದಿನ 26 ತಿಂಗಳಿಗೆ ಶಾಲೆಯ ಗಳಿಕೆಯನ್ನು ಯಾವ ಆಧಾರದ ಮೇಲೆ ಸೇರಿಸುತ್ತೀರಿ?

ಆದೇಶ ಬಂದ ಮೇಲೆ ಆಕ್ಷೇಪಣೆಗೆ ಒಂದು ತಿಂಗಳು. ಆಕ್ಷೇಪಣೆ ಹಾಕಿದ ಮಾತ್ರಕ್ಕೆ ಕಟ್ಟುವುದು ನಿಲ್ಲದು. ತಡೆಗೆ ಬೇರೆ ಅರ್ಜಿ, ಕಂತಿನಲ್ಲಿ ಕಟ್ಟಲು ಇನ್ನೊಂದು. ಅಲ್ಲಿಂದ ಮುಂದೆ ಸಾಮಾಜಿಕ ನ್ಯಾಯಾಲಯ, ವಿಮಾದಾರರಿಗೆ ನ್ಯಾಯಾಲಯದ ಶುಲ್ಕವಿಲ್ಲ. ಇದಕ್ಕೆ ತೆರಿಗೆ ಸಲಹೆಗಾರರ ಬಳಿ ಹೋಗಬೇಡಿ, ಇದು ಅವರ ಕ್ಷೇತ್ರವಲ್ಲ. ರೆಂಟನ್‌ಬೆರಾಟರ್ ಎಂಬ ಪಿಂಚಣಿ ಸಲಹೆಗಾರರೋ, ಸದಸ್ಯರ ಪರ ವಾದಿಸುವ ವಿಡಿಕೆ ಸಂಘವೋ ಸರಿ.

ಕಟ್ಟಲೇಬೇಕಾದದ್ದನ್ನು ಯಾವ ವರ್ಷ ಕಟ್ಟುವುದು ಎಂಬುದರಲ್ಲೂ ಹಣವಿದೆ. 2023ರಿಂದ ಪಿಂಚಣಿ ಕಂತು ಪೂರ್ತಿ ತೆರಿಗೆ ಕಡಿತಕ್ಕೆ ಅರ್ಹ, ಕಟ್ಟಿದ ವರ್ಷದಲ್ಲಿ. ಗಂಡನ ಜೊತೆ ಜಂಟಿ ಲೆಕ್ಕದಲ್ಲಿ ಮೇಲಿನ ದರ 35% ಇದ್ದರೆ 6,375ರಲ್ಲಿ 2,200ಕ್ಕೂ ಹೆಚ್ಚು ವಾಪಸ್. ವಿಳಂಬ ಶುಲ್ಕಕ್ಕೆ ಈ ಲಾಭವಿಲ್ಲ.

ಊರಿಗೆ ಮರಳಿದರೆ

ಕಟ್ಟಿದ್ದು ಹೊಳೆಗೆ ಹೋದಂತೆ ಅಲ್ಲ. 2024ರ ಕಂತಿಗೆ ಸುಮಾರು 0.3 ಪಿಂಚಣಿ ಅಂಕ. 2025ರ ಜುಲೈಯಿಂದ ಒಂದು ಅಂಕಕ್ಕೆ ತಿಂಗಳಿಗೆ 40.79 ಯೂರೋ, ಅಂದರೆ ಆ ಒಂದು ವರ್ಷಕ್ಕೆ ತಿಂಗಳಿಗೆ 12 ಯೂರೋದಷ್ಟು. ಪಿಂಚಣಿ ಸಿಗಲು ಕನಿಷ್ಠ 60 ತಿಂಗಳು ಬೇಕು. ಭಾರತ-ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಮೈಸೂರಿನ ಕಾಲೇಜಿನಲ್ಲಿ ಇಪಿಎಫ್ ಕಟ್ಟಿದ ತಿಂಗಳು ಈ 60ಕ್ಕೆ ಕೂಡುತ್ತವೆ. ಹಳೆಯ ಯುಎಎನ್ ಸಂಖ್ಯೆ, ನೇಮಕಾತಿ ಪತ್ರ ಹುಡುಕಿಡಬೇಕು. 60 ತುಂಬದೆ ದೇಶ ಬಿಟ್ಟರೆ 24 ತಿಂಗಳ ಬಳಿಕ ಮರುಪಾವತಿ ಕೇಳಬಹುದು, ಆದರೆ ಸ್ವಂತ ಉದ್ಯೋಗದ ಕಂತಿನಲ್ಲಿ ಅರ್ಧವೇ ಬರುವುದು, ಮತ್ತು ಅಲ್ಲಿಗೆ ಖಾತೆ ಖಾಲಿ.

2026ರ ಜನವರಿ

ಡಿಸೆಂಬರ್ 31ಕ್ಕೆ ಹೊಸಬರ ಅರ್ಧ ಕಂತಿನ ರಿಯಾಯಿತಿ ಮುಗಿಯಿತು. ಜನವರಿಯಿಂದ ತೆರಿಗೆ ಆದೇಶ ಒದಗಿಸದವರಿಗೆ ನಿಗದಿ ಕಂತು 735.63. ಮಿತಿಯೂ ಏರಿ 603 ಆಯಿತು, ವಯಸ್ಕರ ಶಾಲೆಯ ಗಳಿಕೆಗಿದ್ದ ತೆರಿಗೆ ವಿನಾಯಿತಿ 3,300ಕ್ಕೆ ಏರಿತು. ಶಾಲೆಯ ಕೆಲಸ ನೌಕರಿಯೆಂದಾದರೆ ಆಕೆಯ ಸ್ವಂತ ಲಾಭ ತಿಂಗಳಿಗೆ 586.67, ಮಿತಿಗಿಂತ 16.33 ಕಡಿಮೆ. ಪಾಠ ಹೆಚ್ಚಿಸದೆ ಅಷ್ಟಕ್ಕೇ ನಿಲ್ಲಿಸಿದರೆ 113.77ರ ಕಂತು ನಿಲ್ಲುತ್ತದೆ. ಹಾಗೆ ಮಾಡುವುದು ಜಾಣತನವೋ ಅಲ್ಲವೋ ಎನ್ನುವುದು ಆಕೆಗೆ ನೌಕರಿಯ ಒಪ್ಪಂದ ಸಿಕ್ಕಿದೆಯೇ ಎಂಬುದರ ಮೇಲಿದೆ: ಸಿಕ್ಕಿದ್ದರೆ 60ರ ಎಣಿಕೆ ಶಾಲೆಯ ಸಂಬಳದಿಂದಲೇ ಮುಂದುವರಿಯುತ್ತದೆ, ಇಲ್ಲದಿದ್ದರೆ 2026ರ ಪ್ರತಿ ತಿಂಗಳೂ ಖಾಲಿ ಮನೆಯಾಗಿ ಉಳಿಯುತ್ತದೆ.